ಮರುತಿರುಳು

ಕ್ಲಿಪ್ಪು ಹಲ್ಲಿಗೆ ಕೂತಿತು. ಹಸಿರು ಬೆಳಕು ಹಲ್ಲಿನ ಈ ಬದಿಯಿಂದ ಒಳಹೊಕ್ಕು ಆ ಬದಿಯಿಂದ ಹೊರಬಂತು. ಡಾ. ಮಾನ್ವಿತಾ ಹೊಂಬಳ ಕಣ್ಣು ಮುಚ್ಚಿ ಕಿವಿಗೊಟ್ಟಳು. ಹಲ್ಲಿನೊಳಗೆ ಹರಿಯುವ ರಕ್ತದ ಮಿಡಿತವನ್ನು ಆ ಬೆಳಕು ಹಿಡಿದು ಸದ್ದಾಗಿ ಕೇಳಿಸುತ್ತದೆ. ಜೀವಂತ ಹಲ್ಲಾದರೆ ದೂರದ ಓಣಿಯಲ್ಲಿ ಯಾರೋ ಅವಲಕ್ಕಿ ಕುಟ್ಟಿದಂತೆ ಇರುತ್ತದೆ ಆ ಸದ್ದು. ಸ್ವಲ್ಪ ಮುಂಚೆ ಪಕ್ಕದ ಹಲ್ಲಿಗೆ ಇದೇ ಕ್ಲಿಪ್ಪು ಹಾಕಿದಾಗ ಸ್ಪಷ್ಟವಾಗಿಯೇ ಕೇಳಿತ್ತು. ಈ ಹಲ್ಲಿನಿಂದ ಏನೂ ಬರಲಿಲ್ಲ.

ಕುರ್ಚಿಯಲ್ಲಿ ಒರಗಿದ್ದ ನಿವೇದಿತಾ ಬಾಯಿ ತೆರೆದುಕೊಂಡೇ ಕೇಳಿದಳು. "ಕೇಳಸಾಕತ್ತೈತೇನ್ರಿ ಮೇಡಂ?"

"ಸ್ವಲ್ಪ ಸುಮ್ಮನಿರ್ರಿ ಅಕ್ಕಾರ," ಎಂದಳು ಮಾನ್ವಿತಾ. ಕ್ಲಿಪ್ಪು ತೆಗೆದು ಒರೆಸಿ ಮತ್ತೆ ಹಾಕಿದಳು. ಗದಗಿನ ಆ ಚಿಕ್ಕ ಚಿಕಿತ್ಸಾಲಯದಲ್ಲಿ ಗೋಡೆಯ ಮೇಲಿನ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಅದು ಸಾಮಾನ್ಯ ಹಲ್ಲಲ್ಲ. ಸತ್ತ ಮೇಲೆ ಮತ್ತೆ ಜೀವ ಪಡೆದ ಮೊಟ್ಟಮೊದಲ ಹಲ್ಲು ಅದು. ಹದಿಮೂರು ವರ್ಷಗಳ ಹಿಂದೆ, ಇದೇ ಕೋಣೆಯಲ್ಲಿ, ಮಾನ್ವಿತಾಳೇ ಅದಕ್ಕೆ ಜೀವ ತುಂಬಿದ್ದಳು.

ಹಲ್ಲೆಂದರೆ ಕಲ್ಲಲ್ಲ. ಗಟ್ಟಿ ಕವಚದ ಕೆಳಗೆ ಡೆಂಟಿನ್ ಎಂಬ ಹಳದಿ ಪದರವಿರುತ್ತದೆ. ಅದರ ನಡುವೆ ಒಂದು ಪುಟ್ಟ ಕೋಣೆ, ಆ ಕೋಣೆಯಲ್ಲಿ ಮೆತ್ತನೆಯ ತಿರುಳು. ರಕ್ತ, ನರ, ಜೀವಕೋಶ ಎಲ್ಲ ಇರುವುದು ಅಲ್ಲಿ. ಹಲ್ಲಿಗೆ ಜೋರಾಗಿ ಪೆಟ್ಟು ಬಿದ್ದರೆ ಕೆಲವೊಮ್ಮೆ ಈ ತಿರುಳು ಸತ್ತುಹೋಗುತ್ತದೆ. ಆಗ ಹಳೆಯ ರಕ್ತದ ಕಲೆ ಗೋಡೆಗೆ ಇಳಿದು ಹಲ್ಲು ಪಾಟಿಗಲ್ಲಿನ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹಿಂದೆಲ್ಲ ಇದಕ್ಕಿದ್ದ ಮದ್ದು ರೂಟ್ ಕೆನಾಲ್ ಒಂದೇ. ಹಲ್ಲಿಗೆ ಹಿಂದಿನಿಂದ ತೂತು ಕೊರೆದು, ಸತ್ತ ತಿರುಳನ್ನು ತೆಗೆದು, ಕೋಣೆಯನ್ನು ತೊಳೆದು, ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಿದ್ದರು. ಹಲ್ಲು ಉಳಿಯುತ್ತಿತ್ತು, ಆದರೆ ಒಳಗಿನ ಜೀವ ಮರಳುತ್ತಿರಲಿಲ್ಲ. ತಣ್ಣಗಿನದು, ಬಿಸಿಯದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಮಾನ್ವಿತಾ ಕಂಡುಹಿಡಿದದ್ದು ಆ ಖಾಲಿ ಕೋಣೆಯಲ್ಲಿ ಹೊಸ ತಿರುಳು ಬೆಳೆಸುವ ವಿಧಾನ. ಹಾಲುಹಲ್ಲಿನಿಂದ ತೆಗೆದ ಕೆಲವು ಜೀವಕೋಶಗಳನ್ನು ಅಂಟಿನಂಥ ದ್ರವದಲ್ಲಿ ಕಲಸಿ ಒಳಗೆ ಬಿಡುವುದು. ಬೀಜ ಮೊಳೆತಂತೆ ಅವು ಹಬ್ಬುತ್ತವೆ. ಬೇರಿನ ತುದಿಯಿಂದ ರಕ್ತನಾಳ ಬರುತ್ತದೆ, ಆಮೇಲೆ ನರ ಬರುತ್ತದೆ. ಅದಕ್ಕೆ ಮರುತಿರುಳು ಎಂದು ಹೆಸರಿಟ್ಟಳು. ಆದರೆ ಆರಂಭದಲ್ಲಿ ದೊಡ್ಡವರ ಸ್ವಂತ ಕೋಶಗಳು ಮೊಳೆಯುತ್ತಿರಲಿಲ್ಲ. ರಕ್ತಸಂಬಂಧಿ ಮಗುವಿನ ಹಾಲುಹಲ್ಲು ಬೇಕಾಗುತ್ತಿತ್ತು.

ಅಂಥ ಸಮಯದಲ್ಲಿ ನಿವೇದಿತಾ ಕುರಹಟ್ಟಿ ಬಂದಿದ್ದಳು. ಬೀಜ ಪರೀಕ್ಷೆಯ ಕಚೇರಿಯಲ್ಲಿ ಅಧಿಕಾರಿ. ಲಕ್ಕುಂಡಿಯ ದಾರಿಯಲ್ಲಿ ಟಂಟಂ ಆಟೋ ಪಲ್ಟಿಯಾಗಿ ಅವಳ ಬಾಯಿ ಕಬ್ಬಿಣದ ಸರಳಿಗೆ ಬಡಿದಿತ್ತು. ಮುಂದಿನ ಒಂದು ಹಲ್ಲು ಕ್ರಮೇಣ ಬೂದಾಗಿತ್ತು. ಪಕ್ಕದಲ್ಲಿ ಕೂತಿದ್ದ ಅವಳ ಎಂಟು ವರ್ಷದ ಮಗಳು ಸಿಂಚನಾ ಅಪಘಾತದಲ್ಲಿ ಉಳಿದಿರಲಿಲ್ಲ.

ಮಾನ್ವಿತಾ ಆ ದಿನ ರೂಟ್ ಕೆನಾಲ್ ಮಾತೇ ಆಡಿದ್ದಳು. ನಿವೇದಿತಾ ಮಾತ್ರ ಗೋಡೆಯ ಮೇಲಿನ ಪ್ರಯೋಗದ ಪ್ರಕಟಣೆಯನ್ನು ಓದುತ್ತಾ ಕೂತಿದ್ದಳು. ಓದಿ ಮುಗಿಸಿ ಕೇಳಿದಳು. "ಸಂಬಂಧಿಕರ ಹಾಲುಹಲ್ಲು ಅಂದ್ರ, ಹೊಟ್ಟೀಲೆ ಹುಟ್ಟಿದ ಮಕ್ಕಳದೂ ನಡೀತೈತೇನ್ರಿ?"

"ನಡೀತೈತಿ."

"ಹಂಗಾರ ನನ್ನ ಮಗಳ ಹಲ್ಲು ನಿಮ್ಮ ಕಡೇನ ಐತಿ. ಸಾಲ್ಯಾಗ ಹಲ್ಲಿನ ಶಿಬಿರ ಮಾಡಿದ್ರಲ್ಲ, ಆವಾಗ ಬಿದ್ದ ಹಲ್ಲು ಕೊಟ್ಟು ಆನಿ ಚಿತ್ರದ್ದು ಕಂಪಾಸ್ ಡಬ್ಬಿ ತಗೊಂಡ್ ಬಂದಿದ್ಲು."

ಆ ಹಲ್ಲಿನ ಕೋಶಗಳು ಶೀತಪೆಟ್ಟಿಗೆಯಲ್ಲಿ ನಿಜಕ್ಕೂ ಇದ್ದವು. ಮಾನ್ವಿತಾ ಸೀಸೆಯ ಮೇಲಿನ ಹೆಸರನ್ನು ಎರಡು ಸಲ ಓದಿದಳು. ಕೊನೆಗೆ ಒಪ್ಪಿಕೊಂಡಳು. ಮೂರನೆಯ ತಿಂಗಳಲ್ಲಿ ನಿವೇದಿತಾ ಐಸ್ ಕ್ಯಾಂಡಿ ಹಿಡಿದುಕೊಂಡು ಓಡಿಬಂದಿದ್ದಳು. ಡಾಕ್ಟರರ ಎದುರಿಗೇ ಅದನ್ನು ಕಚ್ಚಿದಳು. ಕಣ್ಣಲ್ಲಿ ನೀರು ಚಿಮ್ಮಿತು. "ನೋಯಾಕತ್ತೈತ್ರಿ! ಮೇಡಂ, ನೋಯಾಕತ್ತೈತಿ!" ಎಂದಳು. ಹೆರಿಗೆಯ ಕೋಣೆಯಿಂದ ಹೊರಬಂದು ಸುದ್ದಿ ಹೇಳುವವರ ದನಿ ಅದು.

ಆಮೇಲೆ ಮರುತಿರುಳು ಲೋಕವೆಲ್ಲ ಹಬ್ಬಿತು. ವಿಧಾನ ಸುಧಾರಿಸಿತು, ರೋಗಿಯ ಸ್ವಂತ ಕೋಶಗಳೇ ಸಾಕಾದವು, ಬೇಕೆಂದರೆ ರಕ್ತಸಂಬಂಧವಿಲ್ಲದ ದೊಡ್ಡವರದೂ ಮೊಳೆಯತೊಡಗಿದವು. ಬೂದು ಹಲ್ಲಿನವರು ಬೀದಿಯಲ್ಲಿ ಕಾಣದಾದರು. ರೂಟ್ ಕೆನಾಲ್ ಎಂದರೇನು ಎಂದು ಹುಡುಗರು ಅಜ್ಜ ಅಜ್ಜಿಯರನ್ನು ಕೇಳುವ ಕಾಲ ಬಂತು. ಅದರ ಜೊತೆಗೆ ಇನ್ನೊಂದು ಸಂಗತಿಯೂ ಶುರುವಾಯಿತು. ನಿವೇದಿತಾಳ ಕತೆ ಬಾಯಿಂದ ಬಾಯಿಗೆ ಹರಡಿತ್ತು. ಜನ ತೀರಿಹೋದವರ ಹಲ್ಲಿಟ್ಟ ಸಣ್ಣ ಸಣ್ಣ ಡಬ್ಬಿ ಹಿಡಿದುಕೊಂಡು ಬರತೊಡಗಿದರು. ಇದು ನಮ್ಮ ತಮ್ಮಂದು, ಇದು ನಮ್ಮ ಯಜಮಾನರದು, ಇದನ್ನ ನನ್ನ ಹಲ್ಲಿನೊಳಗ ಇಡ್ರಿ. ಮಾನ್ವಿತಾ ಅವರನ್ನೆಲ್ಲ ವಾಪಸು ಕಳಿಸಿದಳು. ಬೇರೆ ಊರುಗಳಲ್ಲಿ ವಾಪಸು ಕಳಿಸದ ವೈದ್ಯರೂ ಇದ್ದರು.

ಈಗ ಆ ಮೊದಲ ಹಲ್ಲು ಬಣ್ಣ ಬದಲಿಸಿತ್ತು. ಕ್ಲಿಪ್ಪಿನ ಯಂತ್ರ ತನ್ನ ತೀರ್ಪನ್ನು ಪರದೆಯ ಮೇಲೆ ಬರೆಯಿತು. 'ತಿರುಳು ನಿರ್ಜೀವ. ರೂಟ್ ಕೆನಾಲ್ ಅಗತ್ಯ.'

ಬಾಗಿಲ ಹತ್ತಿರ ನಿಂತಿದ್ದ ನಿವೇದಿತಾಳ ಗಂಡ ಬಸವಪ್ರಭು ಅದನ್ನು ಗಟ್ಟಿಯಾಗಿ ಓದಿದ. ಬೆಟಗೇರಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವನು, ಮಿತಭಾಷಿ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಒಳಗೆ ಬಂದವನಲ್ಲ. ಇವತ್ತು ಬಂದಿದ್ದ.

"ಅಂದ್ಮ್ಯಾಲೆ ಒಳಗಿಂದು ತಗದ್ ಬಿಡ್ರಿ ಡಾಕ್ಟರ್ರ," ಎಂದ.

"ನೀವ್ ಸುಮ್ನಿರ್ರಿ," ಎಂದಳು ನಿವೇದಿತಾ.

"ಯಾಕ್ ಸುಮ್ನಿರ್ಲಿ? ಹದಿಮೂರು ವರ್ಷ ಸುಮ್ನಿದ್ದೆ." ಅವನು ಮಾನ್ವಿತಾಳ ಕಡೆ ತಿರುಗಿದ. "ನಮ್ಮ ಮನ್ಯಾಗ ಮೂರು ಮಂದಿ ಅದೀವ್ರಿ. ಒಬ್ಬಾಕಿ ಕಣ್ಣಿಗೆ ಕಾಣಂಗಿಲ್ಲ. ದಿನಾ ಸಂಜೀಕೆ ಈಕಿ ಫ್ರಿಜ್ಜಿನ ನೀರು ಬಾಯಾಗ ಹಿಡಕೊಂಡು ಅಡಗಿ ಮನ್ಯಾಗ ಗ್ವಾಡಿಗೆ ಮಕಾ ಮಾಡಿ ನಿಲ್ತಾಳ. ಆವಾಗ ನಾ ಕರದ್ರ ಓ ಅನ್ನೂದಿಲ್ಲ. ಮಲಗುವಾಗ ಬಾಯಿಗೆ ಸೆರಗು ಕಟ್ಕೊಂತಾಳ, ಥಂಡಿ ಹತ್ತಬಾರ್ದಂತ. ಯಾರಿಗೆ ಥಂಡಿ?"

ನಿವೇದಿತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಆಕಿ ನನ್ನ ಮಗಳೂ ಹೌದಲ್ರೀ," ಎಂದ.

ನಿವೇದಿತಾ ಪ್ರತಿ ವರ್ಷ ತಪಾಸಣೆಗೆ ಬಂದು, ಆ ಮಿಡಿತದ ಸದ್ದು ಕೇಳಿ, ಸಮಾಧಾನದಿಂದ ಹೋಗುತ್ತಿದ್ದಳು. ಮಾನ್ವಿತಾ ಅದನ್ನು ರೋಗಿಯ ಸಂತೋಷ ಎಂದುಕೊಂಡಿದ್ದಳು. ಆ ಅಡುಗೆಮನೆಯ ಗೋಡೆಯನ್ನು ಅವಳು ಎಂದೂ ಊಹಿಸಿರಲಿಲ್ಲ.

"ಅಕ್ಕಾರ, ಒಂದ್ ಮಾತು ಹೇಳ್ತೀನಿ," ಎಂದಳು. "ಆ ಥಂಡಿ ನಿಮಗ ಗೊತ್ತಾಗ್ತೈತಲ್ಲ, ಅದು ನಿಮ್ಮ ನರ. ಬೇರಿನಿಂದ ಒಳಗ ಬೆಳದದ್ದು ನಿಮ್ಮದಾ. ಸಿಂಚನಾಂದು ಗೋಡೆ ಕಟ್ಟೂ ಕೋಶ ಅಷ್ಟ."

"ಗೊತ್ತೈತ್ರಿ," ಎಂದಳು ನಿವೇದಿತಾ ಶಾಂತವಾಗಿ. "ನೋವು ನಂದಾ. ಆದ್ರ ಅದು ಆಕಿ ಮನಿಯೊಳಗ ಹಾದು ಬರ್ತೈತಿ."

ಮಾನ್ವಿತಾ ಯಂತ್ರದ ಪರದೆಯನ್ನು ಬದಿಗೆ ಸರಿಸಿದಳು. ಯಂತ್ರಕ್ಕೆ ಗೊತ್ತಿರುವುದು ರಕ್ತದ ಸದ್ದು ಮಾತ್ರ. ಸದ್ದಿಲ್ಲದ್ದೆಲ್ಲ ಅದರ ಲೆಕ್ಕದಲ್ಲಿ ಸತ್ತಂತೆ. ಅವಳು ಹಳೆಯ ಕ್ರಮದಲ್ಲಿ ಒಂದೊಂದಾಗಿ ನೋಡತೊಡಗಿದಳು. ಸಣ್ಣ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಳು. ನೋವಿಲ್ಲ ಎಂದಳು ನಿವೇದಿತಾ. ವಸಡನ್ನು ಒತ್ತಿ ನೋಡಿದಳು. ಬಾವಿಲ್ಲ, ಕೀವಿಲ್ಲ. ಎಕ್ಸ್‌ರೇ ತೆಗೆದಳು. ತಿರುಳು ಸತ್ತು ಕೊಳೆತಿದ್ದರೆ ಬೇರಿನ ತುದಿಯಲ್ಲಿ ಮೂಳೆ ಕರಗಿ ಕಪ್ಪು ನೆರಳು ಕಾಣುತ್ತದೆ. ನೆರಳಿರಲಿಲ್ಲ. ಕೊನೆಗೆ ಹತ್ತಿಯ ಉಂಡೆಯನ್ನು ಮಂಜುಗಡ್ಡೆಯಷ್ಟು ತಣ್ಣಗೆ ಮಾಡಿ ಹಲ್ಲಿಗೆ ಒತ್ತಿ ಹಿಡಿದಳು. ಬಹಳ ಹೊತ್ತಾಯಿತು. ಇನ್ನೇನು ತೆಗೆಯಬೇಕು ಎನ್ನುವಷ್ಟರಲ್ಲಿ ನಿವೇದಿತಾ ಕೈ ಎತ್ತಿದಳು.

"ಬಂತ್ರಿ. ಭಾಳ ದೂರದಿಂದ ಬಂತು."

ಮಾನ್ವಿತಾ ಕಿಟಕಿಯ ಬೆಳಕಿನಲ್ಲಿ ಹಲ್ಲಿನ ಬಣ್ಣ ನೋಡಿದಳು. ಹಿಂದಿನ ಬೂದು ಅಲ್ಲ ಇದು. ಹೊಸ ಬೆಲ್ಲದ ಹಳದಿ. "ನೋಡ್ರಿ, ಹಲ್ಲಿನ ಬಣ್ಣ ಬದಲಾತು ಅಂದಕೂಡ್ಲೇ ರೂಟ್ ಕೆನಾಲ್ ಬೇಕಂತ ಏನೂ ಇಲ್ಲ," ಎಂದಳು. "ಬೂದು ಆತಂದ್ರ ಒಳಗ ಸಾವು ಆಗೈತೇನೋ ಅಂತ ಸಂಶಯ ಪಡಬೇಕು. ಹಳದಿ ಆತಂದ್ರ ಭಾಳ ಸಲ ಅದು ಕೆಲಸದ ಬಣ್ಣ. ಒಳಗಿನ ಕೋಶ ಗೋಡೆ ಮ್ಯಾಲೆ ಗೋಡೆ ಕಟ್ಕೊಂತ ಬಂದಾವು. ಗೋಡೆ ದಪ್ಪ ಆಗೈತಿ, ಹಳದಿ ಕಾಣಸ್ತೈತಿ. ಕೋಣಿ ಸಣ್ಣದಾಗೈತಿ, ರಕ್ತ ಹರಿಯಾಕ ಜಾಗ ಇಲ್ಲ, ಅದಕ್ಕ ಯಂತ್ರಕ್ಕ ಸದ್ದು ಕೇಳಿಲ್ಲ."

"ಅಂದ್ರ ಅದಾಳ," ಎಂದಳು ನಿವೇದಿತಾ.

ಮಾನ್ವಿತಾ ಹೊಸದಾಗಿ ತರಿಸಿದ್ದ ಒಳನೋಟದ ಕ್ಯಾಮೆರಾವನ್ನು ಹಲ್ಲಿನ ಮುಂದೆ ಹಿಡಿದಳು. ಕೂದಲಿನ ಎಳೆಗಿಂತ ತೆಳುವಾದದ್ದನ್ನೂ ತೋರಿಸುವ ಯಂತ್ರ. ಡೆಂಟಿನ್ ಬೆಳೆಯುವುದು ದಿನಕ್ಕೊಂದು ಗೆರೆಯಂತೆ, ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡುವ ಹಾಗೆ. ಪರದೆಯ ತುಂಬ ಗೆರೆಗಳು ತುಂಬಿಕೊಂಡವು. ನೀರಿನಲ್ಲಿ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ, ಒಂದರೊಳಗೊಂದು, ನಡುವಿನ ಕಪ್ಪು ಚುಕ್ಕೆಯ ತನಕ.

ಮೊದಮೊದಲ ಗೆರೆಗಳ ನಡುವೆ ಅಂತರ ಹೆಚ್ಚಿತ್ತು. ಮಕ್ಕಳ ಕೋಶ ಅವಸರದಲ್ಲಿ ಕಟ್ಟುತ್ತದೆ. ಒಳಗೆ ಹೋದ ಹಾಗೆ ಗೆರೆಗಳು ಹತ್ತಿರವಾಗಿದ್ದವು, ನಿಧಾನವಾಗಿದ್ದವು. ಮಾನ್ವಿತಾ ಅಂತರ ಅಳೆದಳು. ನಂಬದೆ ಮತ್ತೊಮ್ಮೆ ಅಳೆದಳು. ಹೊರಗಿನ ಗೆರೆ ಎಂಟು ವರ್ಷದ ಮಗುವಿನದು. ಒಳಗಿನದು ಇಪ್ಪತ್ತು ದಾಟಿದ ಹೆಣ್ಣಿನದು. ತಾಯಿಯ ಬಾಯಿಯೊಳಗೆ, ಯಾರ ಕಣ್ಣಿಗೂ ಬೀಳದೆ, ಆ ಕೋಶಗಳು ತಮ್ಮ ವಯಸ್ಸನ್ನು ತಾವೇ ಎಣಿಸಿಕೊಂಡು ಬಂದಿದ್ದವು.

ಕೋಣೆಯಲ್ಲಿ ತಾವು ಮೂವರೇ ಇದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕೆನಿಸಿತು ಅವಳಿಗೆ. ತಿರುಗಿ ನೋಡಿಯೂ ಬಿಟ್ಟಳು.

ಬಸವಪ್ರಭು ಪರದೆಯ ಹತ್ತಿರ ಬಂದಿದ್ದ. "ಇದು ಆಕೀದ?"

"ಹೌದ್ರಿ. ದಿನಕ್ಕೊಂದು ಗೆರಿ."

"ಇಷ್ಟ್ ದಿನಾ ಆಕಿ ಕೆಲಸ ಮಾಡಾಕತ್ತಿದ್ಲಾ?" ಅವನು ಬೆರಳನ್ನು ಪರದೆಗೆ ತಾಗಿಸದೆ ಗೆರೆಗಳ ಮೇಲೆ ಗಾಳಿಯಲ್ಲೇ ಆಡಿಸಿದ. "ಇದು ಯಾವಾಗಿನದು? ಈ ಅಗಲದ್ದು?"

"ಮೊದಲನೇ ವರ್ಷದ್ದು."

"ಮತ್ತ ಇದು?"

"ಹದಿನಾರೋ ಹದಿನೇಳೋ ಇದ್ದಾಗಿಂದು," ಎಂದುಬಿಟ್ಟಳು ಮಾನ್ವಿತಾ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎಂದೂ ಬಾರದೆ ಹೋದ ವಯಸ್ಸದು. ಬಸವಪ್ರಭು ಆ ಗೆರೆಯ ಮೇಲೆ ಬೆರಳು ನಿಲ್ಲಿಸಿಕೊಂಡು ನಿಂತ. ತೆಗೆದುಬಿಡಿ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ.

ನಿವೇದಿತಾ ನೋಡುತ್ತಿದ್ದದ್ದು ಗೆರೆಗಳನ್ನಲ್ಲ, ನಡುವಿನ ಚುಕ್ಕೆಯನ್ನು. "ಇಷ್ಟಾ ಉಳದೈತೇನ್ರಿ ಜಾಗ?"

"ಇಷ್ಟಾ."

"ಇದೂ ಮುಚ್ಚತೈತಿ?"

"ಮುಚ್ಚತೈತ್ರಿ. ಕಟ್ಟೂದು ಅವುಕ್ಕ ಗೊತ್ತು, ನಿಲ್ಲಸೂದು ಗೊತ್ತಿಲ್ಲ. ಪೂರ್ತಿ ಕಟ್ಟಿದ ಮ್ಯಾಲೆ ಅವುಕ್ಕೂ ಇರಾಕ ಜಾಗ ಇರಂಗಿಲ್ಲ."

ನಿವೇದಿತಾ ಎದ್ದು ಕೂತಳು. ಅವಳ ಮುಖದಲ್ಲಿ ಭಯವಿತ್ತು, ಲೆಕ್ಕಾಚಾರವೂ ಇತ್ತು. "ಆ ಹಾಲುಹಲ್ಲಿಂದು ಇನ್ನೂ ಉಳದೈತೇನ್ರಿ ನಿಮ್ಮಲ್ಲಿ?"

ಸುಳ್ಳು ಹೇಳಬಹುದಿತ್ತು. ಮಾನ್ವಿತಾಗೆ ಆಗಲಿಲ್ಲ. "ಒಂದು ಸೀಸೆ ಐತಿ."

"ಹಂಗಾರ ಇದನ್ನ ಸಾಯಸ್ರಿ." ನಿವೇದಿತಾ ಬೆರಳಿಟ್ಟು ತೋರಿಸಿದ್ದು ಪಕ್ಕದ ಹಲ್ಲನ್ನು. ಸ್ವಲ್ಪ ಮುಂಚೆ ಅವಲಕ್ಕಿ ಕುಟ್ಟಿದಂತೆ ಸದ್ದು ಮಾಡಿದ್ದ, ಒಂದು ಕಲೆಯೂ ಇಲ್ಲದ, ಬಿಳಿಯ ಹಲ್ಲು. "ಇದರ ತಿರುಳು ತಗದ್ ಬಿಡ್ರಿ. ಆಕೀನ ಇದರಾಗ ಇಡ್ರಿ."

"ಅಕ್ಕಾರ, ಇದಕ್ಕ ಏನೂ ಆಗಿಲ್ಲ."

"ನನ್ನ ಹಲ್ಲು. ನಾ ಹೇಳಾಕತ್ತೀನಿ."

"ಜೀವ ಇದ್ದ ಹಲ್ಲಿನ ತಿರುಳು ನಾ ತಗಿಯೂದಿಲ್ಲ. ಸೀಸೆ ನಿಮ್ದು, ಕೇಳಿದ್ರ ಕೊಡ್ತೀನಿ. ಆದ್ರ ಈ ಕೆಲಸ ನನ್ನ ಕೈಲೆ ಆಗಂಗಿಲ್ಲ."

"ನೀವ್ ಮಾಡಲಿಲ್ಲಂದ್ರ ಪುಣೇದಾಗ ಮಾಡ್ತಾರ," ಎಂದಳು ನಿವೇದಿತಾ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು. ಬಸವಪ್ರಭು ಪರದೆಯ ಕಡೆ ಇನ್ನೊಮ್ಮೆ ನೋಡಿ ಹಿಂದೆ ಹೋದ.

ಅಂದಿನಿಂದ ಮಾನ್ವಿತಾಳ ಕೆಲಸದ ದಾರಿಯೇ ಬೇರೆಯಾಯಿತು. ಪ್ರತಿ ರೋಗಿಯ ಹಲ್ಲಿಗೆ ಕ್ಲಿಪ್ಪು ಹಾಕುವಾಗ ಸದ್ದು ಬರುವ ಮೊದಲಿನ ಆ ಒಂದು ಗಳಿಗೆ ಅವಳಿಗೆ ತಡೆಯಲಾಗದಷ್ಟು ಉದ್ದವಾಗುತ್ತಿತ್ತು. ಯಾರದೋ ಬಾಯಿಯಲ್ಲಿ ಬಗ್ಗಿ ನೋಡುವಾಗ ಅಲ್ಲಿಂದ ತನ್ನನ್ನೂ ಯಾರೋ ನೋಡುತ್ತಿರುವಂತೆ ಅನಿಸುತ್ತಿತ್ತು. ಶೀತಪೆಟ್ಟಿಗೆಯ ಬಾಗಿಲು ತೆರೆದರೆ ಬಿಳಿಯ ಹೊಗೆ ಹೊರಬಂದು ಕಾಲ ಮೇಲೆ ಇಳಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಆ ಸೀಸೆ, ಅದರ ಮೇಲೆ ತನ್ನದೇ ಅಕ್ಷರದಲ್ಲಿ ಸಿಂಚನಾ ಎಂಬ ಹೆಸರು. ಆ ಸೀಸೆಯಲ್ಲಿದ್ದವಳಿಗೆ ಇನ್ನೂ ಎಂಟೇ ವರ್ಷ. ತಾಯಿಯ ಹಲ್ಲಿನಲ್ಲಿದ್ದವಳು ಬೆಳೆದು ದೊಡ್ಡವಳಾಗಿದ್ದಳು. ಇಬ್ಬರಲ್ಲಿ ಯಾರನ್ನು ಸತ್ತವಳೆನ್ನುವುದು ಎಂದು ಮಾನ್ವಿತಾ ಯೋಚಿಸುತ್ತಿದ್ದಳು, ಉತ್ತರ ಸಿಗದೆ ಬಾಗಿಲು ಮುಚ್ಚುತ್ತಿದ್ದಳು. ಒಂದು ದಿನ ಯಾರೂ ಇಲ್ಲದಾಗ ಕ್ಲಿಪ್ಪನ್ನು ತನ್ನ ಹಲ್ಲಿಗೇ ಹಾಕಿಕೊಂಡಳು. ಸದ್ದು ಬಂತು. ಅದು ತನ್ನದೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಸೀಸೆ ಕೇಳಿಕೊಂಡು ಯಾರೂ ಬರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು.

ನಿವೇದಿತಾ ತಾನಾಗಿಯೇ ಕುರ್ಚಿ ಏರಿದಳು. ಮಾನ್ವಿತಾ ತಣ್ಣನೆಯ ಹತ್ತಿ ಇಟ್ಟಳು. ಎಷ್ಟು ಹೊತ್ತಾದರೂ ಕೈ ಮೇಲೇಳಲಿಲ್ಲ.

"ಬರಂಗಿಲ್ರಿ ಅದು," ಎಂದಳು ನಿವೇದಿತಾ, ಹತ್ತಿಯನ್ನು ತಾನೇ ಸರಿಸಿ. "ತಿಂಗಳಾತು. ಒಂದಿನಾ ಸಂಜೀಕೆ ನೀರು ಹಿಡಕೊಂಡು ನಿಂತೆ. ಬರಲಿಲ್ಲ. ಇನ್ನೊಂದು ಗ್ಲಾಸ್ ಕುಡದೆ, ಐಸ್ ಕಡದೆ. ಇಲ್ಲ. ನನಗ ಎದಿ ಒಡೀತೈತಿ ಅನಸ್ತು, ಇವ್ರನ್ನ ಕೂಗಿದೆ. ಮನಿ ಮುಂದಿನ ಅಂಗಡಿ ಬಾಗಲಾ ತಗದಾ ಬಿಟ್ಟು ಓಡಿ ಬಂದ್ರು. ಏನಾತು ಅಂತ ಕೇಳಲಿಲ್ಲ. ನೆಲದ ಮ್ಯಾಲೆ ನನ್ನ ಬಾಜೂಕ ಕುಂತ್ರು."

"ಅವತ್ತ ಇಬ್ರೂ ಅತ್ತೀವಿ," ಎಂದ ಬಸವಪ್ರಭು. "ಕೂಡಿ ಅತ್ತದ್ದು ಅದಾ ಮೊದಲನೇ ಸಲ."

ಮಾನ್ವಿತಾ ತಡವರಿಸಿದಳು. "ಪುಣೇಕ್ಕ…"

"ಹೋಗಿದ್ವ್ರಿ, ಅದಕ್ಕಿಂತ ಮೊದಲ, ಕೇಳ್ಕೊಂಡ್ ಬರೂಣಂತ," ಎಂದಳು ನಿವೇದಿತಾ. "ದೊಡ್ಡ ದವಾಖಾನಿ. ಕುಂದ್ರಾಕ ಜಾಗಿರಲಿಲ್ಲ, ಅಷ್ಟು ಮಂದಿ. ಎಲ್ಲಾರ ಕೈಯಾಗೂ ಒಂದೊಂದು ಡಬ್ಬಿ. ಎಲ್ಲಾರೂ ನನ್ನಂಗ ಬಾಯಿಗೆ ಸೆರಗು, ಟವೆಲ್ಲು. ಒಬ್ಬರ ಜೋಡಿ ಒಬ್ರು ಮಾತಾಡೂದಿಲ್ಲ. ಒಬ್ಬ ಮುದುಕಾಗ ಬಾಯಾಗ ಒಂದೂ ಒಳ್ಳೇ ಹಲ್ಲು ಉಳದಿರಲಿಲ್ಲ, ಎಲ್ಲಾದ್ರಾಗೂ ಒಬ್ಬೊಬ್ರನ್ನ ಇಡಿಸ್ಕೊಂಡಿದ್ದ. ನನ್ನ ನೋಡಿ ನಕ್ಕ. ನಮ್ಮ ಸರತಿ ಬರೂಕಿಂತ ಮೊದಲ ಎದ್ದು ಬಂದ್ವಿ."

ಮಾನ್ವಿತಾ ಒಳನೋಟದ ಕ್ಯಾಮೆರಾ ಹಿಡಿದಳು. ನಡುವಿನ ಚುಕ್ಕೆ ಇರಲಿಲ್ಲ. ಕೊನೆಯ ಗೆರೆಗಳು ಒಂದಕ್ಕೊಂದು ತಾಗಿ ಕೂಡಿಕೊಂಡಿದ್ದವು. ಹಲ್ಲು ಬೇರಿನ ತನಕ ಗಟ್ಟಿಯಾಗಿತ್ತು.

"ಇನ್ನ ರೂಟ್ ಕೆನಾಲ್ ಬೇಕೇನ್ರಿ?" ಎಂದು ಕೇಳಿದ ಬಸವಪ್ರಭು. ಈ ಸಲ ದನಿಯಲ್ಲಿ ಅಂಜಿಕೆಯಿತ್ತು.

"ಬ್ಯಾಡ್ರಿ. ಒಳಗ ಸೂಜಿ ಹೋಗೂವಷ್ಟೂ ಜಾಗಿಲ್ಲ, ಕೊಳಿಯಾಕ ಏನೂ ಇಲ್ಲ. ಮುಂದ ಯಾವಾಗರ ಬಾವು ಬಂದ್ರ, ಬೇರಿನ ತುದೀಗೆ ನೆರಳು ಕಂಡ್ರ ಆವಾಗ ನೋಡೂಣು. ವರ್ಷಕ್ಕೊಮ್ಮೆ ಬರ್ರಿ. ಬಣ್ಣ ಬೇಕಾದ್ರ ತಿಳಿ ಮಾಡ್ತೀನಿ, ಮ್ಯಾಲಿಂದ್ ಮ್ಯಾಲೆ."

ನಿವೇದಿತಾ ಕನ್ನಡಿ ಕೇಳಿ ಇಸಿದುಕೊಂಡಳು. ಹಳದಿ ಹಲ್ಲನ್ನು ಬೆರಳ ತುದಿಯಿಂದ ಒಮ್ಮೆ ಒರೆಸಿದಳು. "ಇರ್ಲಿ ಬಿಡ್ರಿ. ಆಕಿ ಕಟ್ಟಿದ್ದು," ಎಂದಳು.

ಸೀಸೆಯ ಮಾತು ಬಂದಾಗ ಮಾತ್ರ ಇಬ್ಬರೂ ಒಪ್ಪಲಿಲ್ಲ. ಇನ್ನು ಅದನ್ನು ಇಡುವುದು ಬೇಡ ಎಂದಳು ನಿವೇದಿತಾ. ಇರಲಿ, ಒಂದಿಷ್ಟು ದಿನ ಇರಲಿ ಎಂದ ಬಸವಪ್ರಭು. ಮೆಟ್ಟಿಲು ಇಳಿಯುವ ತನಕವೂ ಅದೇ ಮಾತಾಡುತ್ತ ಹೋದರು. ಇಬ್ಬರ ದನಿಯೂ ಏರಿತ್ತು. ಮೂರು ಮಂದಿ ಇದ್ದ ಮನೆಯಲ್ಲಿ ಇನ್ನು ಜಗಳವಾಡಲಾದರೂ ಇಬ್ಬರಿದ್ದಾರೆ ಎಂದುಕೊಂಡಳು ಮಾನ್ವಿತಾ.

ಆ ದಿನದ ಮುಂದಿನ ಸರತಿ ಹುಬ್ಬಳ್ಳಿಯಿಂದ ಬಂದ ಒಂದು ಜೋಡಿಯದು. ಗಂಡನಿಗೆ ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ವರದಿಗಳ ದಪ್ಪ ಕಟ್ಟು. ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಹುಬ್ಬಿನ ಕೂದಲೂ ಉದುರಿತ್ತು. ಗಂಡ ಕೂರುವ ಮೊದಲೇ ಮಾತು ಶುರು ಮಾಡಿದ.

"ಮೇಡಂ, ಕ್ಯಾನ್ಸರ್ ಡಾಕ್ಟರು ಭಾಳ ಅಂದ್ರ ಮಳಿಗಾಲದ ತನಕ ಅಂದಾರ. ನಿಮ್ಮ ವಿಷಯಾ ಎಲ್ಲಾ ಓದೀನಿ. ಈಕಿ ಬುದ್ಧಿಹಲ್ಲು ಇನ್ನೂ ಚಲೋ ಐತಿ. ಈಗ ತಗದು ಕೋಶ ಇಟ್ಟುಬಿಟ್ರ ಆಮ್ಯಾಲೆ ನನಗ ಅನುಕೂಲ ಆಗ್ತೈತಿ. ನಂದು ಯಾವ ಹಲ್ಲು ಬೇಕೋ ಅದನ್ನ ತಗೋರಿ."

ಅವನು ಮಾತಾಡುತ್ತಲೇ ಇದ್ದ. ಕೋಶ ಎಷ್ಟು ವರ್ಷ ಬದುಕುತ್ತವೆ, ಎರಡು ಹಲ್ಲಿಗೆ ಸಾಕಾಗುತ್ತವೆಯೇ, ಶೀತಪೆಟ್ಟಿಗೆಗೆ ಕರೆಂಟು ಹೋದರೆ ಏನು ಗತಿ. ಅವನ ಕಣ್ಣುಗಳು ಮಾನ್ವಿತಾಳ ಮುಖ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಕೂತವಳು ಕಿಟಕಿಯಾಚೆ ರಸ್ತೆಯನ್ನು ನೋಡುತ್ತಿದ್ದಳು.

ಮಾನ್ವಿತಾ ಅವನನ್ನು ತಡೆದು ಅವಳ ಕಡೆ ತಿರುಗಿದಳು. "ನಿಮಗೇನ್ ಬೇಕನಸ್ತೈತ್ರಿ ಅಕ್ಕಾರ?"

ಅವಳಿಗೆ ಮೊದಲು ತನ್ನನ್ನೇ ಕೇಳಿದ್ದು ಎಂದು ತಿಳಿಯಲಿಲ್ಲ. ಆಮೇಲೆ ಸಂಕೋಚದಿಂದ ನಕ್ಕಳು.

"ನನಗರೀ? ಕೆಳಗ ಮೂಲ್ಯಾಗ ಗಿರಮಿಟ್ ಮಾಡಾಕತ್ತಾರ. ವಾಸನಿ ಬರಾಕತ್ತೈತಿ. ಭಾಳ ದಿನದ ಮ್ಯಾಲೆ ತಿನ್ನಬೇಕು ಅನಿಸೈತಿ," ಎಂದಳು. ಗಂಡನ ಕಡೆ ನೋಡದೆ, ಮೆಲ್ಲಗೆ ಸೇರಿಸಿದಳು. "ಇವ್ರೂ ಬಂದ್ರ ಚಲೋ ಇತ್ತು."

ಗಂಡ ಮಾತು ನಿಲ್ಲಿಸಿದ. ವರದಿಗಳ ಕಟ್ಟು ಅವನ ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಬಂದಾಗಿನಿಂದ ಮೊದಲ ಬಾರಿಗೆ, ತನ್ನ ಪಕ್ಕದಲ್ಲಿ ಉಸಿರಾಡುತ್ತ ಕೂತಿದ್ದ ಹೆಂಡತಿಯ ಮುಖವನ್ನು ನೋಡಿದ.